ಶಾಸ್ತ್ರದಾನವೂ ಬಸದಿಯ ಹೊಣೆಯೂ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧಾರ್ಮಿಕ ಸಭೆಯಲ್ಲಿ ನೀಡಿದ ಉಪನ್ಯಾಸ)



ಗರ್ಭ, ಜನ್ಮ, ದೀಕ್ಷಾ, ಕೇವಲಜ್ಞಾನ, ನಿರ್ವಾಣಗಳೆಂಬ ಐದು ಕಲ್ಯಾಣಗಳ ವಿಧಿಗಳು ನೆರವೇರಿ ಜಿನಬಿಂಬಕ್ಕೆ ಪೂಜ್ಯತ್ವವು ಪ್ರಾಪ್ತವಾದ ಮರುದಿನದಿಂದ ಬಸದಿಯ ಆಯುಸ್ಸಿನ ಲೆಕ್ಕ ಆರಂಭವಾಗುತ್ತದೆ. ಚಪ್ಪರವನ್ನು ಬಿಚ್ಚುತ್ತಾರೆ, ನೆಂಟರಿಷ್ಟರು ಊರಿಗೆ ಮರಳುತ್ತಾರೆ, ಮುನಿಸಂಘವು ವಿಹಾರ ಹೊರಡುತ್ತದೆ. ಆಮೇಲೆ ನಿತ್ಯದ ಅಭಿಷೇಕಕ್ಕೆ ನೀರು ತರುವವರು ಯಾರು, ಆಷಾಢದ ಮಳೆಗೆ ಸೋರುವ ಮಾಡನ್ನು ಸರಿಪಡಿಸುವವರು ಯಾರು, ದಾರಿಗನಾಗಿ ಬಂದ ಸಹಧರ್ಮಿಗೆ ಒಂದು ಹೊತ್ತಿನ ಊಟವೆಲ್ಲಿ ಎಂಬ ಪ್ರಶ್ನೆಗಳು ಉಳಿಯುತ್ತವೆ.

ಪೂರ್ವಿಕರು ಈ ಪ್ರಶ್ನೆಗಳನ್ನು ಮರೆತವರಲ್ಲ. ಕನ್ನಡನಾಡಿನ ಯಾವ ಜೈನ ದಾನಶಾಸನವನ್ನು ನೋಡಿದರೂ ರಾಜವಂಶದ ಹೊಗಳಿಕೆ, ಗುರುಪರಂಪರೆಯ ವರ್ಣನೆಗಳು ಮುಗಿದೊಡನೆ ವ್ಯವಹಾರದ ಮಾತು ಬರುತ್ತದೆ. ಇಷ್ಟು ಗದ್ದೆ, ಇಷ್ಟು ತೋಟ, ಒಂದು ಗಾಣ. ಅದರ ಉತ್ಪನ್ನದಿಂದ ಅಷ್ಟವಿಧಾರ್ಚನೆಯೂ ಋಷಿಗಳ ಆಹಾರದಾನವೂ ಖಂಡಸ್ಫುಟಿತ ಜೀರ್ಣೋದ್ಧಾರವೂ ನಡೆಯತಕ್ಕದ್ದು. ಒಡೆದುದನ್ನು, ಬಿರುಕುಬಿಟ್ಟುದನ್ನು ಸರಿಪಡಿಸುವ ವೆಚ್ಚವನ್ನು ಕಟ್ಟಡವು ಹೊಸದಾಗಿರುವಾಗಲೇ ಎತ್ತಿಡುತ್ತಿದ್ದ ಆ ದೂರದೃಷ್ಟಿ ಇಂದಿನ ಆಡಳಿತ ಸಮಿತಿಗಳಲ್ಲಿ ವಿರಳವೆಂದೇ ಹೇಳಬೇಕಾಗಿದೆ. ಕರ್ನಾಟಕ ಭೂಸುಧಾರಣಾ ಶಾಸನದ 1974ರ ತಿದ್ದುಪಡಿಯ ತರುವಾಯ ಬಸದಿಗಳ ಗೇಣಿಯ ಭೂಮಿಗಳು ಉಳುವವರ ಪಾಲಾದವು. ಉಳುವವನಿಗೆ ನ್ಯಾಯ ದೊರಕಿತು. ಅದರಲ್ಲಿ ಎರಡು ಮಾತಿಲ್ಲ. ಆದರೆ ಗೇಣಿಯ ಅಕ್ಕಿಯನ್ನೇ ನಂಬಿ ಪೂಜೆ ನಡೆಸುತ್ತಿದ್ದ ತುಳುನಾಡಿನ ಸಣ್ಣಪುಟ್ಟ ಬಸದಿಗಳಿಗೆ ಸರಕಾರದಿಂದ ಬರುವ ತಸ್ದೀಕಿನ ಹಣವು ದೀಪದ ಎಣ್ಣೆಗೂ ಸಾಲದಾಯಿತು. ಅಂದಿನಿಂದ ಬಸದಿಗೆ ಭೂಮಿಯ ಬಲವಿಲ್ಲ, ಸಮಾಜದ ಬಲವೊಂದೇ ಉಳಿದಿದೆ.

ಆಹಾರ, ಔಷಧ, ಅಭಯ, ಶಾಸ್ತ್ರ ಎಂದು ದಾನವು ನಾಲ್ಕು ವಿಧ. ಧಾರ್ಮಿಕ ಸಂಸ್ಥೆಯೊಂದು ಜನರಿಗೆ ಏನು ಮಾಡಬೇಕೆಂಬುದಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ವಿವರಣೆ ಬೇರೊಂದಿಲ್ಲ. ಮೊದಲ ಮೂರನ್ನು ಸಮಾಜವು ಇಂದಿಗೂ ಅಷ್ಟಿಷ್ಟು ನಡೆಸಿಕೊಂಡು ಬಂದಿದೆ. ನಾಲ್ಕನೆಯದು ಮಾತ್ರ ಬಹುಮಟ್ಟಿಗೆ ಗಾಜಿನ ಬೀರುವಿನೊಳಗೆ ಬೀಗ ಹಾಕಿಸಿಕೊಂಡು ಕುಳಿತಿದೆ.

ಹತ್ತನೆಯ ಶತಮಾನದ ಕೊನೆಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಸರ್ವವಿದಿತ. ಆ ಕಾವ್ಯವನ್ನು ಬರೆಯಿಸಿದವರು ಅವಳ ತಂದೆ ಮಲ್ಲಪ ಮತ್ತು ಅವನ ತಮ್ಮ ಪುನ್ನಮಯ್ಯ. ತಂದೆಯ ಕಾಲದ ಗ್ರಂಥವು ಮಗಳ ಕಾಲಕ್ಕೆ ಲೋಪವಾಗಬಾರದೆಂಬ ಕಳವಳ ಆ ದಾನದ ಹಿಂದಿತ್ತು. ಒಂದೊಂದು ಪ್ರತಿಗೂ ಒಬ್ಬ ಲಿಪಿಕಾರ, ಓಲೆಯ ಕಟ್ಟು, ತಿಂಗಳುಗಳ ದುಡಿಮೆ ಬೇಕಾಗಿದ್ದ ಕಾಲದಲ್ಲಿ 1000 ಎಂಬ ಸಂಖ್ಯೆಯು ಎಷ್ಟು ಮಂದಿಗೆ ಕೂಳನ್ನೂ ಎಷ್ಟು ಮಂದಿಗೆ ಓದನ್ನೂ ಒದಗಿಸಿತೆಂಬುದನ್ನು ಊಹಿಸಬಹುದು.

ಹೀಗೆ ಹಂಚಿದ್ದರಿಂದ ಉಳಿದ ಗ್ರಂಥದ ಕಥೆ ಒಂದು. ಹಂಚದೆ ಉಳಿದ ಗ್ರಂಥದ ಕಥೆ ಮತ್ತೊಂದು. ಅದು ಮೂಡುಬಿದಿರೆಯದು.

ಗಿರಿನಾರಿನ ಚಂದ್ರಗುಹೆಯಲ್ಲಿ ಧರಸೇನಾಚಾರ್ಯರು ತಮ್ಮಲ್ಲಿ ಉಳಿದಿದ್ದ ಶ್ರುತವು ತಮ್ಮೊಡನೆಯೇ ಅಳಿಯಬಾರದೆಂದು ಪುಷ್ಪದಂತ, ಭೂತಬಲಿಗಳೆಂಬ ಇಬ್ಬರು ಮುನಿಗಳಿಗೆ ಉಪದೇಶಿಸಿದರು. ಅದರ ಫಲವಾಗಿ ಷಟ್ಖಂಡಾಗಮವು ರಚಿತವಾಯಿತು. ಅದು ಪೂರ್ಣಗೊಂಡ ಜ್ಯೇಷ್ಠ ಶುದ್ಧ ಪಂಚಮಿಯೇ ಶ್ರುತಪಂಚಮಿ. ವೀರಸೇನಾಚಾರ್ಯರು ಅದಕ್ಕೆ 816ರಲ್ಲಿ ಧವಲವೆಂಬ ಮಹಾಟೀಕೆಯನ್ನು ಬರೆದು ಮುಗಿಸಿದರು. ಕಷಾಯಪಾಹುಡಕ್ಕೆ ಅವರು ಆರಂಭಿಸಿದ ಜಯಧವಲವನ್ನು ಶಿಷ್ಯರಾದ ಜಿನಸೇನರು 837ರಲ್ಲಿ ಪೂರೈಸಿದರು. ಕಾಲಾನಂತರದಲ್ಲಿ ಭಾರತದ ಉಳಿದೆಡೆಗಳಲ್ಲೆಲ್ಲ ಈ ಗ್ರಂಥಗಳು ಹೆಸರಷ್ಟೇ ಆಗಿ ಹೋದವು. ಹಳಗನ್ನಡ ಲಿಪಿಯ ತಾಡಪತ್ರಗಳಲ್ಲಿ ಅವು ಉಳಿದುದು ಮೂಡುಬಿದಿರೆಯ ಗುರುಬಸದಿಯಲ್ಲಿ ಮಾತ್ರ. ಅದಕ್ಕೆ ಸಿದ್ಧಾಂತ ಬಸದಿಯೆಂಬ ಹೆಸರು ಬಂದುದೂ ಇದರಿಂದಲೇ.

ಆ ಓಲೆಗಳನ್ನು ಬರೆಯಿಸಿದವರು ಯಾರು? ಧವಲದ ಪ್ರತಿಯ ಪ್ರಶಸ್ತಿಯಲ್ಲಿ ದೇಮಿಯಕ್ಕನೆಂಬವಳ ಹೆಸರಿದೆ. ಶ್ರುತಪಂಚಮಿಯ ನೋಂಪಿಯನ್ನು ನೋಂತು, ಅದರ ಉದ್ಯಾಪನೆಗೆ ಆ ಗ್ರಂಥವನ್ನು ಬರೆಯಿಸಿ ಶುಭಚಂದ್ರ ಸಿದ್ಧಾಂತದೇವರಿಗೆ ಒಪ್ಪಿಸಿದಳು. ಮಹಾಬಂಧದ ಪ್ರತಿಯನ್ನು ಮಲ್ಲಿಕಬ್ಬೆಯೆಂಬವಳು ಅದೇ ವ್ರತದ ಉದ್ಯಾಪನೆಗಾಗಿ ಮಾಘನಂದಿ ಮುನಿಗಳಿಗೆ ಕೊಟ್ಟಳು. ನೋಂಪಿಯ ಉದ್ಯಾಪನೆಯೆಂದರೆ ಇಂದಿನ ಮನೆಗಳಲ್ಲಿ ಹೂವೀಳ್ಯ, ಬೆಳ್ಳಿಯ ಬಟ್ಟಲುಗಳಿಗೆ ಮುಗಿಯುತ್ತದೆ. ಒಂಬತ್ತು ಶತಮಾನಗಳ ಹಿಂದಿನ ಆ ಶ್ರಾವಕಿಯರಿಗೆ ಅದು ಒಂದು ಆಗಮದ ಪ್ರತಿಯಾಗಿತ್ತು.

ಮೂಡುಬಿದಿರೆಯಲ್ಲಿ ಈ ಗ್ರಂಥಗಳು ದರ್ಶನದ ವಸ್ತುವಾಗಿದ್ದವು. ಯಾತ್ರಿಕರು ಬಂದರೆ ಕಟ್ಟನ್ನು ಬಿಚ್ಚಿ ತೋರಿಸಿ, ಅರ್ಘ್ಯವೆತ್ತಿ, ಮರಳಿ ಕಟ್ಟಿಡುತ್ತಿದ್ದರು. ಸಿದ್ಧಾಂತಗ್ರಂಥಗಳ ಅಧ್ಯಯನಕ್ಕೆ ಗೃಹಸ್ಥರಿಗೆ ಅಧಿಕಾರವಿಲ್ಲವೆಂಬ ನಂಬಿಕೆಯೂ ಇತ್ತು. 1883ರಲ್ಲಿ ಮುಂಬಯಿಯ ಸೇಠ್ ಮಾಣಿಕಚಂದರು ಯಾತ್ರೆಗೆ ಬಂದಾಗ ಓಲೆಗಳು ಜೀರ್ಣವಾಗುತ್ತಿರುವುದನ್ನು ಕಂಡು ವ್ಯಥೆಪಟ್ಟರು. ಅವರು ಸೋಲಾಪುರದ ಹೀರಾಚಂದ ನೇಮಚಂದರಿಗೆ ಈ ಸಂಗತಿಯನ್ನು ತಿಳಿಸಿದರು. ಹಳೆಯ ಲಿಪಿಯನ್ನು ಓದಬಲ್ಲ ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳ ಸಹಾಯ ದೊರಕಿತು. ಹಣ ಕೂಡಿ, ಒಪ್ಪಿಗೆ ಸಿಕ್ಕಿ, ಪ್ರತಿಲಿಪಿಯ ಕೆಲಸವು 1896ರಲ್ಲಿ ಆರಂಭವಾಯಿತು. ಮಿರಜಿನ ಗಜಪತಿ ಉಪಾಧ್ಯಾಯರೂ ಅದರಲ್ಲಿ ತೊಡಗಿದರು. ಕೆಲಸವೆಲ್ಲ ಮುಗಿದುದು 1922ರಲ್ಲಿ, ಇಪ್ಪತ್ತಾರು ವರ್ಷ! ಪ್ರತಿಯು ಮೂಡುಬಿದಿರೆಯಿಂದ ಹೊರಗೆ ಹೋಗತಕ್ಕದ್ದಲ್ಲವೆಂಬ ಕಟ್ಟುಪಾಡು ಬೇರೆ.

ಈ ಕಟ್ಟುಪಾಡನ್ನು ಒಬ್ಬರು ಮುರಿದರು. ಗಜಪತಿ ಉಪಾಧ್ಯಾಯರು ತಮ್ಮ ವಿದುಷಿ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿಯನ್ನು ಸಿದ್ಧಪಡಿಸಿದರು. ಅದು ಸಹಾರನಪುರದ ಲಾಲಾ ಜಂಬೂಪ್ರಸಾದರ ಕೈಸೇರಿತು. ಅಲ್ಲಿ ನಾಗರಿಗೆ ಇಳಿದು, ಉತ್ತರದೇಶದ ಹಲವು ಶಾಸ್ತ್ರಭಂಡಾರಗಳಿಗೆ ಹಬ್ಬಿತು. ಅಮರಾವತಿಯಲ್ಲಿದ್ದ ಡಾ. ಹೀರಾಲಾಲ ಜೈನರು ಆ ಪರಂಪರೆಯ ಪ್ರತಿಗಳನ್ನು ಆಧರಿಸಿಯೇ 1939ರಲ್ಲಿ ಧವಲದ ಮೊದಲ ಸಂಪುಟವನ್ನು ಅಚ್ಚು ಹಾಕಿಸಿದರು. ಬೆಳಗಾವಿ ಜಿಲ್ಲೆಯ ಸದಲಗಿಯವರಾದ ಡಾ. ಆ. ನೇ. ಉಪಾಧ್ಯೆಯವರು ಅವರಿಗೆ ಬೆಂಬಲವಾಗಿ ನಿಂತರು.

ಕೊಟ್ಟ ಮಾತಿಗೆ ವಿರುದ್ಧವಾಗಿ ನಡೆದುದನ್ನು ಸರಿಯೆನ್ನಬಹುದೇ? ಸತ್ಯಾಣುವ್ರತ, ಅಚೌರ್ಯಾಣುವ್ರತಗಳ ದೃಷ್ಟಿಯಿಂದ ಅನ್ನಲಾಗದು. ಕಾವಲುಗಾರರನ್ನು ಹಳಿಯುವುದೂ ಅನ್ಯಾಯವೇ. ಅರಸೊತ್ತಿಗೆಗಳು ಅಳಿದು, ಭಂಡಾರಗಳು ಲೂಟಿಯಾಗಿ, ಗೆದ್ದಲು ಮಳೆಗಳು ತಮ್ಮ ಪಾಲನ್ನು ಕೇಳುತ್ತಿದ್ದ ಶತಮಾನಗಳಲ್ಲಿ ಓಲೆಯನ್ನು ಉಳಿಸಿದುದು ಅದೇ ಬೀಗ, ಅದೇ ಭಯಭಕ್ತಿ. ಆದರೆ ಉಳಿಸುವುದಕ್ಕೆಂದು ಹಾಕಿದ ಬೀಗವು ಉಳಿದುದನ್ನು ಓದಗೊಡಲಿಲ್ಲ. ಓದುವವರಿಲ್ಲದೆ ಲಿಪಿ ಬಲ್ಲವರೂ ಕ್ಷೀಣಿಸಿದರು. ಸಂಸ್ಥೆಗಳ ಇತಿಹಾಸದಲ್ಲಿ ಇಂತಹ ಇಕ್ಕಟ್ಟು ಪದೇ ಪದೇ ಬರುತ್ತದೆ. ಮೂಡುಬಿದಿರೆಯ ಹಿರಿಮೆಯೆಂದರೆ, ಗ್ರಂಥವು ಮುದ್ರಣಗೊಂಡು ಹೊರಬಂದುದನ್ನು ಕಂಡ ಮೇಲೆ ಅಲ್ಲಿಯ ಭಟ್ಟಾರಕರೂ ಪಂಚರೂ ಮುನಿಸು ಸಾಧಿಸಲಿಲ್ಲ. ಮುಂದಿನ ಸಂಪುಟಗಳ ಪಾಠವನ್ನು ಮೂಲ ಓಲೆಯೊಡನೆ ಹೋಲಿಸಿ ತಿದ್ದಲು ಬಾಗಿಲು ತೆರೆದರು. ಕೈತಪ್ಪಿನಿಂದ ಬಿಟ್ಟುಹೋಗಿದ್ದ ಎಷ್ಟೋ ಪಂಕ್ತಿಗಳು ಆ ಕಾರಣದಿಂದ ಮರಳಿ ದೊರಕಿದವು. ಒಟ್ಟು 16 ಸಂಪುಟಗಳು ಮುಗಿಯುವಾಗ ಇಪ್ಪತ್ತು ವರ್ಷಗಳು ಸಂದಿದ್ದವು. 1944ರಲ್ಲಿ ಸ್ಥಾಪಿತವಾದ ಭಾರತೀಯ ಜ್ಞಾನಪೀಠವು 1947ರಿಂದ ಮಹಾಬಂಧವನ್ನು ಪ್ರಕಟಿಸಿತು. ಧವಲದ ಕನ್ನಡ ಅನುವಾದದ ಸಂಪುಟಗಳೂ ಶ್ರವಣಬೆಳಗೊಳದಿಂದ ಹೊರಬಂದಿವೆ. ದೇಮಿಯಕ್ಕನ ದಾನವು ಅವಳ ಊರಿನ ನುಡಿಗೆ ತಲುಪಲು ಇಷ್ಟು ಸುತ್ತು ಬೇಕಾಯಿತು.

ಅದೇ ಮಾಣಿಕಚಂದರು 1900ರಲ್ಲಿ ಮುಂಬಯಿಯಲ್ಲಿ ಜೈನ ವಿದ್ಯಾರ್ಥಿನಿಲಯವನ್ನು ನೆಲೆಗೊಳಿಸಿದರೆಂಬುದು ಆಕಸ್ಮಿಕವಲ್ಲ. 1899ರಲ್ಲಿ ಹುಟ್ಟಿದ ದಕ್ಷಿಣದ ಜೈನ ಸಭೆಯೂ ಕೊಲ್ಲಾಪುರ ಮೊದಲಾದ ಕಡೆ ಬೋರ್ಡಿಂಗುಗಳನ್ನು ತೆರೆಯಿತು. ಹಳ್ಳಿಯ ಒಕ್ಕಲು ಮಕ್ಕಳು ಅಲ್ಲಿ ಉಂಡು, ಓದಿ, ವಕೀಲರೂ ಅಧ್ಯಾಪಕರೂ ಆದರು. ಗ್ರಂಥವನ್ನು ಉಳಿಸುವುದೂ ಅದನ್ನು ಓದಬಲ್ಲವನನ್ನು ಬೆಳೆಸುವುದೂ ಒಂದೇ ಕೆಲಸದ ಎರಡು ಮಗ್ಗುಲೆಂದು ಆ ತಲೆಮಾರಿನವರು ಅರಿತಿದ್ದರು. 1914ರಲ್ಲಿ ಮಾಣಿಕಚಂದರು ತೀರಿಕೊಂಡಾಗ ಅವರ ನೆನಪಿಗೆ ಸಮಾಜವು ಆರಂಭಿಸಿದುದು ಒಂದು ಗ್ರಂಥಮಾಲೆಯನ್ನು.

ಇನ್ನು ನೂತನ ಬಸದಿಯ ಮಾತು. ಶಿಖರಕ್ಕೆ, ಮಾನಸ್ತಂಭಕ್ಕೆ ದಾನಿಗಳು ದೊರೆಯುತ್ತಾರೆ, ಏಕೆಂದರೆ ಅಲ್ಲಿ ಹೆಸರು ಕೆತ್ತುವುದಕ್ಕೆ ಕಲ್ಲಿರುತ್ತದೆ. ಪೂಜೆ ನಡೆಸುವ ಇಂದ್ರರ ಸಂಬಳಕ್ಕೆ, ಅವರ ಮಕ್ಕಳ ವಿದ್ಯಾಭ್ಯಾಸಕ್ಕೆ ಅಂತಹ ಕಲ್ಲಿಲ್ಲ. ಆದ್ದರಿಂದ ಮಹೋತ್ಸವದ ಉಳಿಕೆಯನ್ನು ಬ್ಯಾಂಕಿನಲ್ಲಿ ಧ್ರುವನಿಧಿಯಾಗಿಟ್ಟು, ಅದರ ಬಡ್ಡಿಯಲ್ಲಿ ಒಂದು ಪಾಲು ಪೂಜೆಗೆ, ಒಂದು ಪಾಲು ದುರಸ್ತಿಗೆ, ಒಂದು ಪಾಲು ಶಾಸ್ತ್ರಕ್ಕೆ ಎಂದು ಸಮಿತಿಯು ಮೊದಲ ಸಭೆಯಲ್ಲೇ ಬರೆದಿಡುವುದು ಒಳ್ಳೆಯದು; ವರ್ಷಕ್ಕೊಮ್ಮೆ ಲೆಕ್ಕವನ್ನು ಎಲ್ಲರೆದುರು ಓದುವುದು ಇನ್ನೂ ಒಳ್ಳೆಯದು. ಶಾಸ್ತ್ರದ ಪಾಲೆಂದರೆ ಪುಸ್ತಕ ಕೊಳ್ಳುವುದಷ್ಟೇ ಅಲ್ಲ. ಭಾನುವಾರ ಮಕ್ಕಳಿಗೆ ಪಾಠ ಹೇಳುವವರಿಗೆ ಗೌರವಧನ, ಹಳೆಯ ಲಿಪಿ ಕಲಿಯಲು ಹೊರಟ ಒಬ್ಬ ಹುಡುಗಿಗೋ ಹುಡುಗನಿಗೋ ಬಸ್ಸಿನ ಖರ್ಚು, ಇವೂ ಅದರಲ್ಲಿ ಸೇರುತ್ತವೆ.

ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಮೂಡುಬಿದಿರೆ ಮೊದಲಾದೆಡೆಗಳ ಓಲೆಗಳನ್ನು ಒಂದೊಂದಾಗಿ ನೋಡಿ ಸಿದ್ಧಪಡಿಸಿದ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿಯು 1948ರಲ್ಲಿ ಅಚ್ಚಾಯಿತು. ಮಠ, ಬಸದಿಗಳ ಭಂಡಾರಗಳನ್ನು ಅದು ಒಳಗೊಂಡಿತು. ಮನೆಮನೆಯ ಅಟ್ಟವನ್ನು ಯಾವ ಸೂಚಿಯೂ ಒಳಗೊಳ್ಳಲಾರದು. ಹಳೆಯ ಬೀಡು, ಗುತ್ತು, ಇಂದ್ರರ ಮನೆಗಳಲ್ಲಿ ಇಂದಿಗೂ ಕೆಂಪು ವಸ್ತ್ರದ ಕಟ್ಟುಗಳಿರುವುದುಂಟು. ಶ್ರುತಪಂಚಮಿಯಂದು ಅವನ್ನು ಕೆಳಗಿಳಿಸಿ, ಧೂಳು ಒರೆಸಿ, ಗಂಧಾಕ್ಷತೆ ಇಟ್ಟು ಮತ್ತೆ ಮೇಲಿಡುವ ಮೊದಲು ಬಸದಿಯ ಪುಸ್ತಕದಲ್ಲಿ ಆ ಕಟ್ಟಿನ ಓಲೆಗಳ ಸಂಖ್ಯೆಯನ್ನಾದರೂ ಬರೆಯಿಸಬಹುದು. ಹೆಸರು ತಿಳಿಯದಿದ್ದರೆ ಚಿಂತೆಯಿಲ್ಲ. ಮೊದಲ ಓಲೆಯದೂ ಕೊನೆಯ ಓಲೆಯದೂ ಛಾಯಾಚಿತ್ರವಿದ್ದರೆ ಬಲ್ಲವರು ಓದಿ ಹೇಳುತ್ತಾರೆ. ಬರೆಯಿಸಿದವಳ ಹೆಸರು ಹೆಚ್ಚಾಗಿ ಕೊನೆಯ ಓಲೆಯಲ್ಲಿರುತ್ತದೆ.