ಹ್ಯಾಂಡ್ ಬ್ರೇಕ್ ಶೂ: ಡ್ರಮ್ ಬಿಚ್ಚಿ ನೋಡಬೇಕಾದ ಕೆಲಸ

ಹ್ಯಾಂಡ್ ಬ್ರೇಕ್ ಎಂದರೆ ನಿಂತ ಕಾರನ್ನು ನಿಂತಲ್ಲೇ ಹಿಡಿದಿಡುವ ಸಾಧನ. ಕಾಲಿನ ಬ್ರೇಕು ಎಣ್ಣೆಯ ಒತ್ತಡದಿಂದ ನಾಲ್ಕೂ ಚಕ್ರಗಳನ್ನು ತಡೆಯುತ್ತದೆ. ಹ್ಯಾಂಡ್ ಬ್ರೇಕಿನದು ಉಕ್ಕಿನ ಕೇಬಲ್ಲಿನ ಎಳೆತ. ಹೆಚ್ಚಿನ ಕಾರುಗಳಲ್ಲಿ ಅದು ಹಿಂದಿನ ಎರಡು ಚಕ್ರಗಳನ್ನಷ್ಟೇ ಹಿಡಿಯುತ್ತದೆ. ಎಣ್ಣೆ ಪೂರ್ತಿ ಸೋರಿಹೋದರೂ ಇದು ಕೆಲಸ ಮಾಡಬೇಕು. ಚಾಲಕರ ಸೀಟಿನಲ್ಲಿ ಲೈಸೆನ್ಸ್ ಉಳ್ಳವರು ಇಲ್ಲದಾಗ ಎಂಜಿನ್ ನಿಲ್ಲಿಸಿ, ಬ್ರೇಕ್ ಹಾಕಿ ಅಥವಾ ಬೇರೆ ಉಪಾಯದಿಂದ ವಾಹನ ತಾನಾಗಿ ಉರುಳದಂತೆ ನೋಡಿಕೊಳ್ಳಬೇಕೆಂದು 1988ರ ಮೋಟಾರು ವಾಹನ ಕಾಯ್ದೆಯ 126ನೇ ಕಲಮು ವಿಧಿಸುತ್ತದೆ.

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಈ ಬ್ರೇಕಿಗೆ ರಾತ್ರಿಯಿಡೀ ದುಡಿಮೆ. ಬಸವನಗುಡಿ, ಮಲ್ಲೇಶ್ವರಗಳು 1898ರ ಪ್ಲೇಗಿನ ಕಾಲದಲ್ಲಿ ಬೆಳೆದವು; ಅಲ್ಲಿನ ಹಳೆಯ ಮನೆಗಳನ್ನು ಕಟ್ಟಿದವರ ಎಣಿಕೆಯಲ್ಲಿ ಕಾರಿನ ಶೆಡ್ಡು ಇರಲಿಲ್ಲ. ಹಾಗಾಗಿ ಎಷ್ಟೋ ಕಾರುಗಳಿಗೆ ರಸ್ತೆಯೇ ತಂಗುದಾಣ. ದೊಡ್ಡ ಬಸವನ ಗುಡ್ಡದ ಸುತ್ತಲಿನ ಇಳಿಜಾರಿರಲಿ, ಮಲ್ಲೇಶ್ವರದ ಏರುತಗ್ಗಿನ ಕ್ರಾಸುಗಳಿರಲಿ, ಕಾರು ಗೇರಿನ ಜೊತೆಗೆ ಈ ಬ್ರೇಕನ್ನೂ ನಂಬಿ ನಿಂತಿರುತ್ತದೆ.

1983ರಲ್ಲಿ ಬಂದ ಮಾರುತಿ 800ರಂಥ ಕಾರುಗಳ ಹಿಂಚಕ್ರದೊಳಗೆ ಒಂದು ಬೀಡಿನ ಡ್ರಮ್ ಇರುತ್ತದೆ. ಅದರೊಳಗೆ ಅರ್ಧಚಂದ್ರಾಕಾರದ ಎರಡು ಶೂಗಳು, ಅವುಗಳ ಹೊರಮೈಗೆ ಲೈನಿಂಗ್. ಕೇಬಲ್ ಎಳೆದಾಗ ಒಳಗಿನ ಸಣ್ಣ ಸನ್ನೆಯೊಂದು ಶೂಗಳನ್ನು ಹೊರಕ್ಕೆ ತಳ್ಳುತ್ತದೆ. ಲೈನಿಂಗ್ ಡ್ರಮ್ಮಿಗೆ ಒತ್ತಿಕೊಂಡು ಚಕ್ರ ಬಿಗಿಯುತ್ತದೆ. ಕಾಲಿನ ಬ್ರೇಕಿಗೂ ಇವೇ ಶೂಗಳು. ಸವೆತವೆಲ್ಲ ಅಲ್ಲಿಂದಲೇ ಬರುವುದು.

ಸವೆದಂತೆಲ್ಲ ಲಿವರ್ ಮೇಲೆ ಮೇಲೆ ಏರುತ್ತದೆ, ಟಿಕ್ ಟಿಕ್ ಸದ್ದಿನ ಲೆಕ್ಕ ಹೆಚ್ಚುತ್ತದೆ. ಆಗ ಕೇಬಲ್ಲಿನ ನಟ್ಟನ್ನು ನಾಲ್ಕು ಸುತ್ತು ಬಿಗಿಸಿ ಕಳಿಸುವುದು ಸುಲಭದ ದಾರಿ, ಮತ್ತು ತಪ್ಪು ದಾರಿ. ಬಿಗಿಯಾದ ಕೇಬಲ್ ಶೂಗಳನ್ನು ಪೂರ್ತಿ ಹಿಂದೆ ಸರಿಯಲು ಬಿಡುವುದಿಲ್ಲ. ಶೂ ಮತ್ತು ಡ್ರಮ್ಮಿನ ನಡುವಿನ ಸಂದನ್ನು ತಾನಾಗಿ ಸರಿಪಡಿಸುವ ಅಡ್ಜಸ್ಟರ್ ದಾರಿ ತಪ್ಪುತ್ತದೆ, ಓಡುವಾಗ ಲೈನಿಂಗ್ ಉಜ್ಜುತ್ತಲೇ ಇದ್ದು ಡ್ರಮ್ ಕಾಯುತ್ತದೆ. ಮೊದಲು ಶೂ, ಕಡೆಗೆ ಕೇಬಲ್: ಈ ಕ್ರಮ ತಿರುಗುಮುರುಗಾಗಬಾರದು.

ಕೆಲಸಕ್ಕೆ ಸಮತಟ್ಟಾದ ನೆಲ ಬೇಕು. ಮುಂಚಕ್ರಗಳಿಗೆ ಅಡೆ ಕೊಟ್ಟು, ಹಿಂಭಾಗವನ್ನು ಜಾಕಿನಿಂದ ಎತ್ತಿ, ಗಟ್ಟಿ ಸ್ಟ್ಯಾಂಡಿನ ಮೇಲೆ ಕೂರಿಸಿ, ಆಮೇಲೆ ಹ್ಯಾಂಡ್ ಬ್ರೇಕ್ ಬಿಡಬೇಕು. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಕೈಯನ್ನೂ ಇಡಬಾರದು. ಡ್ರಮ್ ಕಚ್ಚಿಕೊಂಡಿದ್ದರೆ ಸುತ್ತಿಗೆಯೇಟು ಬೇಡ. ಹಲವು ಡ್ರಮ್ಮುಗಳ ಮುಖದಲ್ಲಿ ಮರೆಯುಳ್ಳ ಎರಡು ತೂತುಗಳಿರುತ್ತವೆ, ಅವುಗಳಿಗೆ ಬೋಲ್ಟ್ ಹಾಕಿ ಸಮವಾಗಿ ತಿರುಗಿಸಿದರೆ ಡ್ರಮ್ ತಾನಾಗಿ ಈಚೆ ಬರುತ್ತದೆ. ಒಳಗಿನ ಧೂಳನ್ನು ಊದಲೇಬಾರದು, ಗಾಳಿಯನ್ನೂ ಹೊಡೆಯಬಾರದು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು, ಅದರ ಪುಡಿ ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಲ್ಲಿ ಒರೆಸುವುದೇ ಸರಿ.

ಒಂದು ಚಕ್ರ ಮುಗಿಯುವವರೆಗೆ ಇನ್ನೊಂದನ್ನು ಬಿಚ್ಚದಿದ್ದರೆ, ಯಾವ ಸ್ಪ್ರಿಂಗ್ ಯಾವ ತೂತಿಗೆ ಎಂಬುದಕ್ಕೆ ಅದೇ ಮಾದರಿಯಾಗುತ್ತದೆ. ವೀಲ್ ಸಿಲಿಂಡರಿನ ರಬ್ಬರಿನಡಿ ತೇವವಿದ್ದರೆ ಬ್ರೇಕ್ ಎಣ್ಣೆ ಸೋರುತ್ತಿದೆ ಎಂದರ್ಥ. ಅದನ್ನು ಸರಿಪಡಿಸದೆ ಹಾಕಿದ ಹೊಸ ಶೂ ಎಣ್ಣೆ ಕುಡಿದು ಕೆಡುತ್ತದೆ. ಶೂಗಳು ತಾಗುವ ಹಿಂಬದಿಯ ತಗಡಿನ ಉಬ್ಬುಗಳಿಗೆ ಬ್ರೇಕಿಗೆಂದೇ ಸಿಗುವ ಗ್ರೀಸನ್ನು ತೆಳ್ಳಗೆ ಸವರಬೇಕು, ಲೈನಿಂಗಿಗೆ ಒಂದು ಹನಿಯೂ ಸೋಕಬಾರದು. ಡ್ರಮ್ಮಿನ ಒಳವ್ಯಾಸ ಅದರ ಮೇಲೆ ಅಚ್ಚಾದ ಮಿತಿಯನ್ನು ದಾಟಿದ್ದರೆ ಡ್ರಮ್ಮೂ ಬದಲಾಗಬೇಕು. ಶೂಗಳನ್ನು ಎರಡೂ ಚಕ್ರಗಳಿಗೆ ಒಟ್ಟಿಗೇ ಹಾಕುವುದು ನಿಯಮ. ಒಂದೇ ಕಡೆ ಹೊಸತಾದರೆ ಬ್ರೇಕ್ ಒಂದು ಪಕ್ಕಕ್ಕೆ ಎಳೆಯುತ್ತದೆ. ಚಾಮರಾಜಪೇಟೆಯವರಿಗೆ ಬಿಡಿಭಾಗಗಳ ಜೆ.ಸಿ. ರಸ್ತೆ ಹತ್ತಿರವೇ ಇದೆ. ಹಳೆಯ ಶೂಗಳನ್ನು ಜೊತೆಗೇ ಒಯ್ದು ಹೊಸದರ ಪಕ್ಕದಲ್ಲಿಟ್ಟು ತೂತು, ಅಗಲಗಳನ್ನು ತಾಳೆ ನೋಡಿ ಕೊಳ್ಳುವುದು ಮೇಲು.

ಹಿಂದೆಯೂ ಡಿಸ್ಕ್ ಇರುವ ಕೆಲವು ವಾಹನಗಳಲ್ಲಿ ಡಿಸ್ಕಿನ ನಡುಭಾಗದ ಟೊಪ್ಪಿಯೊಳಗೆ ಪುಟ್ಟ ಶೂಗಳಿರುತ್ತವೆ. ಅವು ನಿಲುಗಡೆಗೆ ಮಾತ್ರವಾದ್ದರಿಂದ ಸವೆಯುವುದು ಬಹಳ ಕಡಿಮೆ. ಬಳಸದೆ ತುಕ್ಕು ಹಿಡಿದು, ಲೈನಿಂಗ್ ಕಿತ್ತುಬರುವುದೇ ಅವುಗಳ ರೋಗ.

ಡ್ರಮ್ ಕೂರಿಸಿದ ಮೇಲೆ ಚಕ್ರ ಕೈಯಲ್ಲಿ ಸಲೀಸಾಗಿ ತಿರುಗುವಂತೆ ಅಡ್ಜಸ್ಟರನ್ನು ಹೊಂದಿಸಿ, ಕಾಲಿನ ಬ್ರೇಕನ್ನು ಹಲವು ಸಲ ಒತ್ತಿ, ಆಮೇಲಷ್ಟೇ ಕೇಬಲ್ಲಿನ ನಟ್ಟನ್ನು ಮುಟ್ಟಬೇಕು. ಕಾರಿನ ಕೈಪಿಡಿ ಹೇಳುವಷ್ಟೇ ಟಿಕ್‌ಗಳಿಗೆ ಎರಡೂ ಚಕ್ರ ಸಮವಾಗಿ ಬಿಗಿಯಬೇಕು, ಲಿವರ್ ಇಳಿಸಿದಾಗ ಎರಡೂ ಸಡಿಲವಾಗಬೇಕು. ಹೊಸ ಕೇಬಲ್ಲನ್ನೂ ಹಾಕಿದ್ದರೆ ಅದು ಸ್ವಲ್ಪ ಹಿಗ್ಗುವುದರಿಂದ ಕೆಲವು ವಾರಗಳ ನಂತರ ಮತ್ತೆ ಟಿಕ್ ಎಣಿಸಿ ನೋಡಬೇಕು.