ನಿಲ್ದಾಣ ಉಳಿದರೆ ಸಾಲದು

(ಅಣ್ಣಿಗೇರಿಯ ಸಭೆಯಲ್ಲಿ ಮಾಡಿದ ಭಾಷಣ)



ಅಣ್ಣಿಗೇರಿಯ ನಿಲ್ದಾಣ ಕಣ್ಣೆದುರಿಗೇ ಇದೆ. ಆದರೂ ಅದರಲ್ಲಿ ಅರ್ಧವನ್ನು ನಾವು ಕಳೆದುಕೊಂಡಿದ್ದೇವೆ. ಹೇಗೆಂಬುದನ್ನು ಕೇಳಿರಿ.

ಈ ಎರೆಭೂಮಿಯ ಹತ್ತಿ ಹಿಂದೆ ಚಕ್ಕಡಿಯಲ್ಲಿ ಘಟ್ಟ ಇಳಿದು ಕುಮಟೆಯ ಬಂದರಕ್ಕೆ ಹೋಗುತ್ತಿತ್ತು. ಬೆವರು ನಮ್ಮ ರೈತನದು. ಮುಂಬಯಿ ಪೇಟೆಯಲ್ಲಿ ಹೆಸರು ಮಾತ್ರ 'ಕುಮಟಾ ಹತ್ತಿ'. 1861–65ರ ಅಮೇರಿಕದ ಅಂತರ್ಯುದ್ಧದಲ್ಲಿ ಅಲ್ಲಿಯ ಹತ್ತಿ ನಿಂತಾಗ ಇಂಗ್ಲಂಡದ ಗಿರಣಿಗಳ ಕಣ್ಣು ಧಾರವಾಡದ ಮೇಲೆ ಬಿತ್ತು. 1876–78ರ ಬರದಲ್ಲಿ ಜನ ಅನ್ನವಿಲ್ಲದೆ ಸತ್ತರು. ರೈಲು ಹಾಕಬೇಕೆಂದು 1880ರಲ್ಲಿ ಬರದ ಆಯೋಗ ಹೇಳಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಆ ದಶಕದಲ್ಲೇ ಹುಬ್ಬಳ್ಳಿ–ಗದಗ ಹಳಿ ಬಿತ್ತು. ಬರದ ಹೆಸರಿನಲ್ಲಿ ಬಂದ ರೈಲು ಹತ್ತಿಯನ್ನು ಹೊತ್ತಿತು. ಕುಮಟೆಯ ಬಂದರ ಕುಂದಿತು. ನವಲಗುಂದಕ್ಕೆ ಹಳಿ ಬರಲೇ ಇಲ್ಲ. ಅಲ್ಲಿಯವರಿಗೂ ಅಣ್ಣಿಗೇರಿಯೇ ದಿಕ್ಕಾಯಿತು.

1944ರಲ್ಲಿ ಸರಕಾರ ಈ ರೈಲನ್ನು ಕಂಪನಿಯ ಕೈಯಿಂದ ತೆಗೆದುಕೊಂಡಿತು. ಸ್ವಾತಂತ್ರ್ಯ ಬಂದ ಮೇಲೆ ರೈಲು ಜನರದೆಂದು ನಾವು ಹಿಗ್ಗಿದೆವು. ಆದರೆ 1980ರ ದಶಕದಿಂದ ರೈಲ್ವೆಯು ಚಿಲ್ಲರೆ ಸರಕನ್ನು ಕೈಬಿಡುತ್ತ ಬಂತು. ಸುಮಾರು 40 ವ್ಯಾಗನ್ನುಗಳ ಇಡೀ ಗಾಡಿಯನ್ನು ತುಂಬುವವನೇ ಅದಕ್ಕೆ ಗಿರಾಕಿಯಾದ. ಹತ್ತು ಅಂಡಿಗೆ ಕಳಿಸುವ ಸಣ್ಣ ವರ್ತಕ ಲಾರಿಯವನ ಬಾಗಿಲಿಗೆ ಹೋಗಬೇಕಾಯಿತು.

ಮುಂದೆ ದುಡಿಯುವವನ ಸರದಿ. 2020ರ ಮಾರ್ಚಿನಲ್ಲಿ ಕೊರೋನಾದಿಂದ ದೇಶದ ಪ್ಯಾಸೆಂಜರ್ ಗಾಡಿಗಳು ನಿಂತವು. ಮರಳಿ ಬಂದಾಗ ಹಲವು ಗಾಡಿಗಳಿಗೆ 'ಎಕ್ಸ್‌ಪ್ರೆಸ್' ಎಂಬ ಹೆಸರು, ಎಕ್ಸ್‌ಪ್ರೆಸ್ಸಿನ ದರ! ಕನಿಷ್ಠ ಟಿಕೀಟು 10 ರೂಪಾಯಿ ಇದ್ದದ್ದು 30 ಆಯಿತು. ಟಿಕೀಟು ಕೊಂಡು ಹೋಗಿಬರುವ ಕೂಲಿಕಾರನಿಗೆ ದಿನಕ್ಕೆ 40 ರೂಪಾಯಿ ಹೆಚ್ಚು. ತಿಂಗಳಲ್ಲಿ 26 ದಿನ ದುಡಿದರೆ 1,040 ರೂಪಾಯಿ. ಹಳೆಯ ದರ ಮರಳಿದ್ದು 2024ರ ಫೆಬ್ರುವರಿಯಲ್ಲಿ, ಲೋಕಸಭೆಯ ಚುನಾವಣೆ ಬಾಗಿಲಿಗೆ ಬಂದಾಗ. ಕೊಟ್ಟ ಹೆಚ್ಚಿನ ಹಣ ಯಾರ ಕಿಸೆಗೂ ಮರಳಲಿಲ್ಲ.

ಬಂಧುಗಳೇ, ನಿಲ್ದಾಣವೆಂದರೆ ಕಲ್ಲಿನ ಕಟ್ಟೆಯಲ್ಲ. ಬಡವನ ಗಾಡಿ ನಿಲ್ಲಬೇಕು, ಸಣ್ಣವನ ಗಂಟು ಏರಬೇಕು. ಆಗಲೇ ಅದು ನಿಲ್ದಾಣ. ಗಿರಣಿಯ ಪಾಳಿಗೆ ಹೊಂದುವ ಪ್ಯಾಸೆಂಜರ್ ಗಾಡಿ ಬೇಕು. ಹತ್ತು ಅಂಡಿಗೆಯನ್ನೂ ಕಳಿಸುವ ಸೌಲಭ್ಯ ಬೇಕು. ಹೆಸರು ಬದಲಿಸಿ ದರ ಏರಿಸುವ ಆಟ ಮತ್ತೆ ನಡೆಯಕೂಡದು. ನೈಋತ್ಯ ರೈಲ್ವೆಯ ಮುಖ್ಯ ಕಚೇರಿ 2003ರಿಂದ ಹುಬ್ಬಳ್ಳಿಯಲ್ಲೇ ಇದೆ. ಕೇಳಬೇಕಾದ ಬಾಗಿಲು ದೂರವಿಲ್ಲ. ಗಿರಣಿಯವರೂ ಅಂಗಡಿಯವರೂ ಒಂದಾಗಿ ಹೋಗಿ ಅದನ್ನು ತಟ್ಟೋಣ.