ಹಳೆಯ ಚೈನ್ ಸಾಗೆ ಹೊಸ ಪೆಟ್ರೋಲ್ ಪೈಪು

(ಮಲೆನಾಡಿನ ಬೆಳೆಗಾರರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಬೇಸಾಯಶಾಸ್ತ್ರ ಕಲಿಸುವ ಮೇಷ್ಟರಿಗೆ ಮರ ಕೊಯ್ಯುವ ಯಂತ್ರದ ಗೊಡವೆ ಏಕೆ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಅದಕ್ಕೆ ಕಾರಣವಿದೆ. ಕಾಫಿ ತೋಟದಲ್ಲಿ ಹೂಮಳೆ ಆದ ಮೇಲೆ, ಮುಂಗಾರು ಹಿಡಿಯುವುದರೊಳಗೆ, ಮೇಲು ನೆರಳನ್ನು ತೆಳುವು ಮಾಡಬೇಕು. ತಡವಾದರೆ ಮಳೆಗಾಲದಲ್ಲಿ ಗಿಡಗಳ ನಡುವೆ ಗಾಳಿಯಾಡದೆ, ಎಲೆಯ ತೇವ ಆರದೆ, ಕೊಳೆರೋಗಕ್ಕೆ ನಾವೇ ಹಾಸಿ ಕೊಟ್ಟಂತಾಗುತ್ತದೆ. ಈ ಕೆಲಸಕ್ಕೆ ಸಿಗುವ ದಿನಗಳು ಕೆಲವೇ. ಮರ ಹತ್ತುವ ಆಳು ಸಿಗುವ ದಿನಗಳು ಇನ್ನೂ ಕಡಿಮೆ. ಆ ದಿನಗಳಲ್ಲೇ ಚೈನ್ ಸಾ ಮುಷ್ಕರ ಹೂಡಿದರೆ ನೆರಳು ಹಾಗೆಯೇ ಉಳಿಯುತ್ತದೆ. ಅದಕ್ಕಿಂತ ದೊಡ್ಡ ಮಾತೆಂದರೆ, ಕೊಂಬೆಯ ಮೇಲೆ ನಿಂತವನು ನಿಂತುಹೋದ ಯಂತ್ರವನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಹಗ್ಗ ಎಳೆಯುತ್ತಿದ್ದರೆ ಅವನ ಪ್ರಾಣಕ್ಕೇ ಅಪಾಯ.

ಹಳೆಯ ಚೈನ್ ಸಾ ಹೀಗೆ ನಿಂತು ನಿಂತು ಓಡತೊಡಗಿದಾಗ ನಮ್ಮವರು ಮೊದಲು ಕೈಹಾಕುವುದು ಕಾರ್ಬುರೇಟರಿನ ತಿರುಪುಗಳಿಗೆ. ನನ್ನ ಅಭಿಪ್ರಾಯದಲ್ಲಿ ಅದು ಕೊನೆಗೆ ಮಾಡಬೇಕಾದ ಕೆಲಸ. ಮೊದಲು ನೋಡಬೇಕಾದ್ದು ಪೆಟ್ರೋಲ್ ಟ್ಯಾಂಕಿನೊಳಗಿನ ಫಿಲ್ಟರನ್ನು, ಮತ್ತು ಅದರಿಂದ ಕಾರ್ಬುರೇಟರಿಗೆ ಹೋಗುವ ಗೇಣುದ್ದದ ಪೈಪನ್ನು. ಇವೆರಡೂ ಕಾಲಕಾಲಕ್ಕೆ ಬದಲಿಸಬೇಕಾದ ವಸ್ತುಗಳೆಂಬುದೇ ಬಹಳ ಮಂದಿಗೆ ತಿಳಿದಿಲ್ಲ, ಏಕೆಂದರೆ ಅವು ಕಣ್ಣಿಗೆ ಬೀಳುವುದಿಲ್ಲ.

ಚೈನ್ ಸಾವನ್ನು ಅಡ್ಡ, ಓರೆ, ಕೆಲವೊಮ್ಮೆ ತಲೆಕೆಳಗು ಹಿಡಿದೂ ಕೊಯ್ಯುತ್ತೇವೆ. ಯಾವ ಭಂಗಿಯಲ್ಲಿದ್ದರೂ ಪೆಟ್ರೋಲ್ ಸಿಗಬೇಕೆಂದು ಟ್ಯಾಂಕಿನೊಳಗೆ ಮೆತ್ತನೆಯ ಪೈಪನ್ನು ಇಳಿಬಿಟ್ಟು, ಅದರ ತುದಿಗೆ ತೂಕವುಳ್ಳ ಫಿಲ್ಟರನ್ನು ಸಿಕ್ಕಿಸಿರುತ್ತಾರೆ. ಯಂತ್ರ ವಾಲಿದ ಕಡೆಗೆ ಪೆಟ್ರೋಲೂ ಹರಿಯುತ್ತದೆ, ಫಿಲ್ಟರೂ ಉರುಳುತ್ತದೆ. ಪೈಪು ವಯಸ್ಸಾಗಿ ಬಿರುಸಾದರೆ ಫಿಲ್ಟರು ಒಂದೇ ಕಡೆ ಸೆಟೆದು ನಿಲ್ಲುತ್ತದೆ. ಆಗ ನೆಲದ ಮೇಲೆ ಚೆನ್ನಾಗಿ ಓಡುವ ಯಂತ್ರ ಓರೆ ಮಾಡಿದ ಕೂಡಲೆ ನಿಂತುಬಿಡುತ್ತದೆ.

ಪೈಪು ಸೀಳಿದ್ದರೆ ಕೇಡು ಇನ್ನೂ ಹೆಚ್ಚು. ಸೀಳುವುದು ಸಾಮಾನ್ಯವಾಗಿ ಎರಡು ಕಡೆ: ಟ್ಯಾಂಕಿನ ಗೋಡೆಯ ರಂಧ್ರದ ಬಳಿ, ಅಥವಾ ಕಾರ್ಬುರೇಟರಿನ ಮೂತಿಗೆ ಸಿಕ್ಕಿಸಿದ ತುದಿಯಲ್ಲಿ. ಪೈಪಿನಲ್ಲಿ ಪೆಟ್ರೋಲನ್ನು ಕಾರ್ಬುರೇಟರು ಎಳೆದುಕೊಳ್ಳುತ್ತದೆ. ಆದ್ದರಿಂದ ಸೀಳಿನಲ್ಲಿ ಪೆಟ್ರೋಲ್ ಸೋರುವುದಕ್ಕಿಂತ ಹೆಚ್ಚಾಗಿ ಗಾಳಿ ಒಳನುಗ್ಗುತ್ತದೆ. ಹೊರಗೆ ಒಂದು ಹನಿಯೂ ಕಾಣದಿರಬಹುದು. ಇಂಜಿನ್ನಿಗೆ ಮಾತ್ರ ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು. ಇದನ್ನು ತೆಳು ಮಿಶ್ರಣ ಎನ್ನುತ್ತೇವೆ. ಫಿಲ್ಟರು ಕಟ್ಟಿಕೊಂಡರೂ ಫಲ ಇದೇ.

ಇದು ಟೂ ಸ್ಟ್ರೋಕ್ ಇಂಜಿನ್ನು ಎಂಬುದನ್ನು ಮರೆಯಬಾರದು. ಇದರಲ್ಲಿ ಬೇರೆ ಎಣ್ಣೆಯ ಕೋಶವಿಲ್ಲ. ಪಿಸ್ಟನ್ನಿಗೆ ಜಿಡ್ಡು ಸಿಗುವುದು ಪೆಟ್ರೋಲಿಗೆ ಬೆರೆಸಿದ ಎಣ್ಣೆಯಿಂದಲೇ. ಪೆಟ್ರೋಲ್ ಕಡಿಮೆಯಾದರೆ ಎಣ್ಣೆಯೂ ಕಡಿಮೆಯಾಯಿತು. ಜೊತೆಗೆ ತೆಳು ಮಿಶ್ರಣ ಬಿಸಿಯಾಗಿ ಉರಿಯುತ್ತದೆ. ಪಿಸ್ಟನ್ ಗೀರಿ, ಕೊನೆಗೆ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಪೈಪು ಮತ್ತು ಫಿಲ್ಟರಿಗೆ ಕೆಲವು ನೂರು ರೂಪಾಯಿ ಸಾಕು. ಸಿಲಿಂಡರು ಪಿಸ್ಟನ್ನಿಗೆ ಸಾವಿರಗಟ್ಟಲೆ ಬೇಕು. ಬೆಳೆಗಾರರೊಬ್ಬರ ಯಂತ್ರಕ್ಕೆ ರಿಪೇರಿಯವನು ಎರಡು ಸಲ ತಿರುಪು ಬಿಚ್ಚಿ ಪೆಟ್ರೋಲ್ ಹೆಚ್ಚು ಹೋಗುವಂತೆ ಮಾಡಿ ಕೊಟ್ಟಿದ್ದ. ಎರಡು ಸಲವೂ ಒಂದೆರಡು ದಿನ ಓಡಿತು. ಸೀಳು ದೊಡ್ಡದಾಗುತ್ತ ಬಂದು ಮೂರನೆಯ ಸಲ ಪಿಸ್ಟನ್ನೇ ಕಚ್ಚಿತು. ತಿರುಪು ತಿರುಗಿಸಿ ರೋಗವನ್ನು ಮುಚ್ಚಿಟ್ಟರೆ ಆಗುವುದು ಹೀಗೆ.

ರೋಗದ ಲಕ್ಷಣಗಳನ್ನು ಗುರುತಿಸುವುದು ಕಷ್ಟವಲ್ಲ. ತಣ್ಣಗಿದ್ದಾಗ ಯಂತ್ರ ಚಾಲೂ ಆಗುತ್ತದೆ, ಮೆಲ್ಲಗೆ ಓಡುತ್ತದೆ, ಪೂರ್ಣ ಎಕ್ಸಲರೇಟರ್ ಒತ್ತಿದರೆ ಸಾಯುತ್ತದೆ. ಅಥವಾ ಚೋಕ್ ಅರ್ಧ ಎಳೆದಿದ್ದರೆ ಮಾತ್ರ ಓಡುತ್ತದೆ. ಅಥವಾ ಕೈಬಿಟ್ಟರೂ ವೇಗ ತಾನಾಗಿಯೇ ಏರುತ್ತದೆ. ಈ ಕೊನೆಯ ಲಕ್ಷಣ ಕಂಡರೆ ಆ ಕ್ಷಣವೇ ಯಂತ್ರ ನಿಲ್ಲಿಸತಕ್ಕದ್ದು. ಹತ್ತು ನಿಮಿಷ ಚೆನ್ನಾಗಿ ಓಡಿ ನಿಂತು, ಟ್ಯಾಂಕಿನ ಮುಚ್ಚಳ ಸಡಿಲಿಸಿದಾಗ ಬುಸ್ಸೆಂದು ಗಾಳಿ ಎಳೆದುಕೊಂಡು, ಮತ್ತೆ ಓಡಿದರೆ ದೋಷ ಪೈಪಿನದಲ್ಲ. ಟ್ಯಾಂಕಿಗೆ ಗಾಳಿ ಬಿಡುವ ಸಣ್ಣ ಕವಾಟ ಕಟ್ಟಿದೆ ಎಂದರ್ಥ. ಅದನ್ನು ಶುಚಿ ಮಾಡಬೇಕು, ಇಲ್ಲವೇ ಬದಲಿಸಬೇಕು.

ಈಗ ಪೆಟ್ರೋಲಿನ ಮಾತು. ಶೇಕಡ 20 ಎಥನಾಲ್ ಬೆರೆತ ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. 2025ರ ಹೊತ್ತಿಗೆ ಬಹುಪಾಲು ಬಂಕುಗಳಲ್ಲಿ ಸಿಗುವುದು ಅದೇ ಆಯಿತು. ಕಬ್ಬು, ಮೆಕ್ಕೆಜೋಳ ಬೆಳೆಯುವ ರೈತರಿಗೆ ಇದರಿಂದ ಮಾರುಕಟ್ಟೆ ದೊರೆತಿದೆ. ನಾನು ಅದನ್ನು ಹಳಿಯುವುದಿಲ್ಲ. ಆದರೆ ಹಲವು ಚೈನ್ ಸಾ ತಯಾರಕರು ತಮ್ಮ ಕೈಪಿಡಿಗಳಲ್ಲಿ ಹೇಳಿರುವ ಮಿತಿ ಶೇಕಡ 10. ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ; ಒಣಗಿದ ಮೇಲೆ ಅದೇ ರಬ್ಬರು ಬಿರುಸಾಗಿ ಬಿರುಕು ಬಿಡುತ್ತದೆ. ಎರಡನೆಯದಾಗಿ, ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ತೇವಕ್ಕೆ ಬರವೇ? ನೀರು ಹೆಚ್ಚಾದಾಗ ಎಥನಾಲೂ ನೀರೂ ಒಟ್ಟುಗೂಡಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ತಾವು ಬೆರೆಸಿದ ಎಣ್ಣೆ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಫಿಲ್ಟರು ಕುಳಿತಿರುವುದು ತಳದಲ್ಲಿ. ಅದು ಎಳೆದುಕೊಳ್ಳುವುದು ಎಣ್ಣೆಯಿಲ್ಲದ ಆ ತಳದ ದ್ರವವನ್ನೇ.

ನಂಬಿಕೆಯಾಗದಿದ್ದರೆ ಪರೀಕ್ಷೆ ಮಾಡಿ ನೋಡಬಹುದು. ಅಳತೆ ಗೆರೆಯುಳ್ಳ ಗಾಜಿನ ಪಾತ್ರೆಯಲ್ಲಿ 10 ಮಿ.ಲೀ. ನೀರು, 100 ಮಿ.ಲೀ. ಪೆಟ್ರೋಲ್ ಹಾಕಿ, ಅಲುಗಾಡಿಸಿ, ಸ್ವಲ್ಪ ಹೊತ್ತು ಬಿಡಿ. ತಳದ ನೀರು 10 ಮಿ.ಲೀ. ಗಿಂತ ಬಹಳ ಹೆಚ್ಚಿದಂತೆ ಕಾಣುತ್ತದೆ. ಹೆಚ್ಚಿದ್ದು ನೀರಲ್ಲ, ಪೆಟ್ರೋಲಿನಿಂದ ಇಳಿದುಬಂದ ಎಥನಾಲ್. ಬೀಡಿ, ಒಲೆ ಹತ್ತಿರವಿರದಂತೆ ಬಯಲಿನಲ್ಲಿ ಮಾತ್ರ ಇದನ್ನು ಮಾಡಬೇಕು.

ಇನ್ನು ಕೆಲಸದ ಕ್ರಮ. ಇಂಜಿನ್ ಪೂರ್ತಿ ತಣ್ಣಗಾಗಿರಲಿ. ಸ್ಪಾರ್ಕ್ ಪ್ಲಗ್ಗಿನ ವೈರು ಕಳಚಿ, ಬಾರಿನ ಮೇಲೆ ಕವಚ ಹಾಕಿ. ಮುಚ್ಚಳದ ಸುತ್ತಲಿನ ಹೊಟ್ಟು, ಧೂಳನ್ನು ಬ್ರಷ್ಷಿನಿಂದ ತೆಗೆದ ನಂತರವೇ ಮುಚ್ಚಳ ತೆರೆಯಬೇಕು. ಇಲ್ಲವಾದರೆ ಹೊಸ ಫಿಲ್ಟರಿಗೆ ಮೊದಲ ದಿನವೇ ಕಸ ತಿನ್ನಿಸಿದಂತೆ. ಟ್ಯಾಂಕನ್ನು ಖಾಲಿ ಮಾಡಿ. ಬಾಯಿಂದ ಎಳೆದು ಪೆಟ್ರೋಲ್ ತೆಗೆಯುವ ಅಭ್ಯಾಸ ಬೇಡವೇ ಬೇಡ.

ಗಟ್ಟಿ ತಂತಿಯ ತುದಿಯನ್ನು ಕೊಕ್ಕೆಯಾಗಿ ಬಗ್ಗಿಸಿ, ಟ್ಯಾಂಕಿನ ಬಾಯಿಯೊಳಗೆ ಬಿಟ್ಟು, ಪೈಪನ್ನು ಮೆಲ್ಲಗೆ ಹೊರಕ್ಕೆ ಎಳೆಯಿರಿ. ತುದಿಯಲ್ಲಿ ಫಿಲ್ಟರು ಬರುತ್ತದೆ. ಬಣ್ಣಗೆಟ್ಟು ಲೋಳೆ ಹಿಡಿದಿದ್ದರೆ ತೊಳೆಯುತ್ತ ಕೂರಬೇಡಿ, ಎಸೆಯಿರಿ. ಪೈಪನ್ನು ಬೆರಳಿನಿಂದ ಬಗ್ಗಿಸಿ ನೋಡಿ. ಬಿರುಕು ಕಂಡರೆ, ಕೈಗೆ ಅಂಟಿದರೆ, ಅಥವಾ ಬಗ್ಗಿಸಿದ ಹಾಗೆಯೇ ಸೆಟೆದು ನಿಂತರೆ ಅದೂ ಹೋಗಬೇಕು.

ಮೇಲಿನ ತುದಿ ಕಾಣಲು ಏರ್ ಫಿಲ್ಟರ್ ತೆಗೆದು, ಕಾರ್ಬುರೇಟರನ್ನು ಹಿಡಿದಿರುವ ನಟ್ಟುಗಳನ್ನು ಬಿಚ್ಚಿ, ಅದನ್ನು ಸ್ವಲ್ಪ ಮುಂದಕ್ಕೆ ಎಳೆಯಬೇಕು. ಎಕ್ಸಲರೇಟರಿನ ಕಡ್ಡಿ, ಚೋಕಿನ ಕಡ್ಡಿ ಹೇಗಿದ್ದವೆಂದು ಬಿಚ್ಚುವ ಮುನ್ನ ಫೋನಿನಲ್ಲಿ ಒಂದು ಚಿತ್ರ ತೆಗೆದಿಟ್ಟರೆ ಜೋಡಿಸುವಾಗ ತಲೆನೋವಿಲ್ಲ. ಕೈಯಿಂದ ಒತ್ತುವ ರಬ್ಬರ್ ಗುಳ್ಳೆ ಇರುವ ಯಂತ್ರಗಳಲ್ಲಿ ಪೈಪು ಎರಡಿರುತ್ತವೆ. ಒಂದು ಎಳೆಯುವುದು, ಇನ್ನೊಂದು ಟ್ಯಾಂಕಿಗೆ ಹಿಂದಿರುಗಿಸುವುದು. ಫಿಲ್ಟರು ಇರುವುದು ಎಳೆಯುವ ಪೈಪಿಗೆ. ಇವು ಅದಲುಬದಲಾದರೆ ಯಂತ್ರ ಚಾಲೂ ಆಗದು.

ಪೈಪಿನಲ್ಲಿ ಎರಡು ಬಗೆ. ಸ್ಟಿಲ್‌ನ ಅನೇಕ ಮಾದರಿಗಳಲ್ಲಿ ಅಚ್ಚಿನಲ್ಲಿ ಎರೆದ ಪೈಪು ಇರುತ್ತದೆ; ಅದರ ಕುತ್ತಿಗೆಯ ತೋಡು ಟ್ಯಾಂಕಿನ ರಂಧ್ರದಲ್ಲಿ ಸುತ್ತಲೂ ಸರಿಯಾಗಿ ಕೂರಬೇಕು. ಹಸ್ಕ್‌ವರ್ನಾದ ಹಳೆಯ ಹಲವು ಮಾದರಿಗಳಲ್ಲಿ ನೇರವಾದ ಪೈಪನ್ನು ಅದಕ್ಕಿಂತ ತುಸು ಚಿಕ್ಕ ರಂಧ್ರದಲ್ಲಿ ಬಿಗಿಯಾಗಿ ತೂರಿಸಿರುತ್ತಾರೆ. ಆ ಬಿಗುವೇ ಸೋರದಂತೆ ತಡೆಯುವುದು. ತೂರುವುದಿಲ್ಲವೆಂದು ರಂಧ್ರವನ್ನು ದೊಡ್ಡದು ಮಾಡಿದರೆ ಟ್ಯಾಂಕೇ ಕೆಟ್ಟಿತು. ಹೊಸ ಪೈಪಿನ ತುದಿಯನ್ನು ಉದ್ದ ಓರೆಯಾಗಿ ಕೊಯ್ದು, ಟೂ ಸ್ಟ್ರೋಕ್ ಎಣ್ಣೆ ಸವರಿ, ಹೊರಗಿನಿಂದ ಮೊನೆಯನ್ನು ತೂರಿಸಿ, ಟ್ಯಾಂಕಿನ ಬಾಯಿಯ ಮೂಲಕ ಉದ್ದ ಮೂತಿಯ ಇಕ್ಕುಳದಿಂದ ಎಳೆದುಕೊಳ್ಳಿ. ಓರೆ ತುದಿಯನ್ನು ಆಮೇಲೆ ನೇರವಾಗಿ ಕತ್ತರಿಸಿ ಫಿಲ್ಟರು ಸಿಕ್ಕಿಸಿ. ಫಿಲ್ಟರು ಟ್ಯಾಂಕಿನ ಎಲ್ಲ ಮೂಲೆಗಳ ತಳ ಮುಟ್ಟುವಷ್ಟು ಉದ್ದವಿರಲಿ, ಮಡಚಿಕೊಳ್ಳುವಷ್ಟು ಬೇಡ.

ಅಂಗಡಿಗೆ ಹೋಗುವಾಗ ಹಳೆಯ ತುಂಡನ್ನು ಒಯ್ಯಿರಿ. ಒಳ ವ್ಯಾಸ, ಹೊರ ವ್ಯಾಸ ಎರಡೂ ಹೊಂದಬೇಕು, ಅರ್ಧ ಮಿ.ಮೀ. ವ್ಯತ್ಯಾಸವಿದ್ದರೂ ಗಾಳಿ ಸೋರುತ್ತದೆ. ಎಥನಾಲ್ ಪೆಟ್ರೋಲಿಗೆ ಆಗುವಂಥ ಪೈಪನ್ನೇ ಕೇಳಿ. ಆಸ್ಪತ್ರೆಯ ಗ್ಲೂಕೋಸ್ ಪೈಪು ಹಾಕಿದ ಯಂತ್ರಗಳನ್ನು ನಾನು ಕಂಡಿದ್ದೇನೆ. ಅದು ಪೆಟ್ರೋಲಿನಲ್ಲಿ ಬೇಗನೆ ಬಿರುಸಾಗುತ್ತದೆ. ಸಿಲಿಕೋನ್ ಪೈಪು ಉಬ್ಬಿ ಕಳಚಿಕೊಳ್ಳುತ್ತದೆ. ಎರಡೂ ಬೇಡ.

ಜೋಡಿಸುವ ಮುನ್ನ ಪೈಪಿನ ಒಂದು ತುದಿ ಮುಚ್ಚಿ, ಇನ್ನೊಂದಕ್ಕೆ ಸೂಜಿಯಿಲ್ಲದ ಸಿರಿಂಜಿನಿಂದ ಗಾಳಿ ಒತ್ತಿ, ನೀರಿನಲ್ಲಿ ಅದ್ದಿ ನೋಡಬಹುದು. ಗುಳ್ಳೆ ಬಂದರೆ ಸೋರಿಕೆಯಿದೆ. ನಂತರ ಪೈಪನ್ನು ಒಳಗೂ ಹೊರಗೂ ಒಣಗಿಸಿಯೇ ಹಾಕಬೇಕು. ಎಲ್ಲವನ್ನೂ ಜೋಡಿಸಿದ ಮೇಲೆ ಪೆಟ್ರೋಲ್ ತುಂಬಿ, ಯಂತ್ರವನ್ನು ನಾಲ್ಕೂ ಕಡೆ ವಾಲಿಸಿ, ರಂಧ್ರದ ಬಳಿ ಒದ್ದೆ ಇದೆಯೇ ನೋಡಿ. ಬಿಸಿ ಸೈಲೆನ್ಸರಿನ ಪಕ್ಕದಲ್ಲಿ ಪೆಟ್ರೋಲ್ ಒಸರುವುದು ಸಣ್ಣ ವಿಷಯವಲ್ಲ.

ಪೈಪು ಖಾಲಿ ಇರುವುದರಿಂದ ಮೊದಲ ಸಲ ಹೆಚ್ಚು ಎಳೆಯಬೇಕಾಗುತ್ತದೆ. ಹಿಂದೆ ಯಾರಾದರೂ ಕಾರ್ಬುರೇಟರಿನ ತಿರುಪು ತಿರುಗಿಸಿದ್ದರೆ ಈಗ ಅದನ್ನು ಕೈಪಿಡಿಯ ಅಳತೆಗೆ ತರಬೇಕು. ಹಲವು ಯಂತ್ರಗಳಲ್ಲಿ ತಿರುಪನ್ನು ಹಗುರವಾಗಿ ಮುಚ್ಚಿ ಒಂದು ಸುತ್ತು ಬಿಚ್ಚಿದರೆ ಆರಂಭಕ್ಕೆ ಸರಿಹೋಗುತ್ತದೆ. ಇಷ್ಟಾದರೂ ಯಂತ್ರ ಹಳೆಯ ಆಟವನ್ನೇ ಆಡಿದರೆ ಆಗ ಕಾರ್ಬುರೇಟರಿನೊಳಗಿನ ಸಣ್ಣ ಜರಡಿ, ಪೊರೆಗಳನ್ನು ನೋಡಿಸಬೇಕು. ಕಳೆ ಕೊಯ್ಯುವ ಯಂತ್ರ, ಬೆನ್ನಿಗೆ ಹೊರುವ ಪವರ್ ಸ್ಪ್ರೇಯರುಗಳ ಟೂ ಸ್ಟ್ರೋಕ್ ಇಂಜಿನ್ನಿಗೂ ಈ ಮಾತುಗಳಲ್ಲಿ ಬಹುಪಾಲು ಅನ್ವಯಿಸುತ್ತವೆ.

ಎಣ್ಣೆಯ ಪ್ರಮಾಣ ಕೈಪಿಡಿಯಂತೆ. 50ಕ್ಕೆ 1 ಎಂದರೆ ಲೀಟರಿಗೆ 20 ಮಿ.ಲೀ., 25ಕ್ಕೆ 1 ಎಂದರೆ 40 ಮಿ.ಲೀ. ಒಂದೆರಡು ವಾರಕ್ಕೆ ಬೇಕಾದಷ್ಟನ್ನೇ ಬೆರೆಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಮುಂಗಾರಿನಲ್ಲಿ ಯಂತ್ರವನ್ನು ಅಟ್ಟಕ್ಕೆ ಏರಿಸುವ ಮುನ್ನ ಟ್ಯಾಂಕ್ ಖಾಲಿ ಮಾಡಿ, ಉಳಿದ ಪೆಟ್ರೋಲ್ ಮುಗಿದು ತಾನಾಗಿ ನಿಲ್ಲುವವರೆಗೆ ಮೆಲ್ಲನೆಯ ವೇಗದಲ್ಲಿ ಓಡಿಸಿಬಿಡಿ. ಫಿಲ್ಟರನ್ನು ವರ್ಷಕ್ಕೊಮ್ಮೆ ಹೊಸದು ಹಾಕಿ. ಆಗಲೇ ಪೈಪನ್ನೂ ಬೆರಳಿನಿಂದ ಬಗ್ಗಿಸಿ ನೋಡಿ. ನೆರಳು ಕಡಿಯುವ ಕಾಲಕ್ಕೆ ಹದಿನೈದು ದಿನ ಮೊದಲೇ ಯಂತ್ರವನ್ನು ಕೆಳಗಿಳಿಸಿ ಒಮ್ಮೆ ಓಡಿಸಿದರೆ, ಬೇಕಾದ ಬಿಡಿಭಾಗ ಪೇಟೆಯಿಂದ ತರಿಸಲು ಸಮಯವಿರುತ್ತದೆ.